ಎಡಗಡೆಯ ಬಾಗಿಲಿನ ಹಿಡಿ

ಪಾಠಾಂತರಗಳ ನಡುವೆ ಮೂವತ್ತು ವರ್ಷಗಳನ್ನು ಕಳೆದವನು ನಾನು. ಒಂದು ಹಳಗನ್ನಡ ಪದ್ಯಕ್ಕೆ ನಾಲ್ಕು ಓಲೆಪ್ರತಿಗಳಲ್ಲಿ ನಾಲ್ಕು ರೂಪಗಳಿದ್ದರೆ, ಅವುಗಳಲ್ಲಿ ಕವಿಯದು ಯಾವುದು, ಲಿಪಿಕಾರನ ಕೈವಾಡ ಯಾವುದು ಎಂದು ವಿದ್ಯಾರ್ಥಿಗಳಿಗೆ ವಿವರಿಸುವುದೇ ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೆ ಆ ವಿದ್ಯೆಯನ್ನು ಒಂದು ಮೋಟಾರು ಕಾರಿನ ಬಾಗಿಲಿನ ಮೇಲೆ ಪ್ರಯೋಗಿಸಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಮಾಗಡಿಯಲ್ಲಿ ವೈದ್ಯರಾಗಿದ್ದ ನನ್ನ ಸೋದರಮಾವ 1958ರಲ್ಲಿ ಒಂದು ಫಿಯಟ್ 1100 ಕಾರನ್ನು ಕೊಂಡರು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಕಾರು ತುಳಿಯದ ಹಾದಿ ಕಡಮೆ. ಮಾವನವರ ಲೆಕ್ಕದ ಪುಸ್ತಕ ಇನ್ನೂ ಮನೆಯಲ್ಲಿದೆ. ಅದರಲ್ಲಿ ರಾಮನಗರವೆಂಬ ಹೆಸರು ಎಲ್ಲಿಯೂ ಇಲ್ಲ. 'ಕ್ಲೋಸ್‌ಪೇಟೆ, ಒಂದು ಹೆರಿಗೆ', 'ಕಾನಕಾನಹಳ್ಳಿ, ಹಾವು ಕಡಿತ' ಎಂದೇ ಇದೆ. ಟಿಪ್ಪುವಿನ ಪತನಾನಂತರ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸನ ಹೆಸರನ್ನು ಆ ಊರು ಬಹುಕಾಲ ಹೊತ್ತಿತ್ತು. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಊರುಗಳೇ ಇಷ್ಟು ಬಾರಿ ಹೆಸರು ಬದಲಿಸುವಾಗ ಒಂದು ಕಾರಿನ ಬಿಡಿಭಾಗ ಹಳೆಯ ಹೆಸರಿನಲ್ಲಿ ಸಿಕ್ಕಬೇಕೆಂದು ಹಟ ಹಿಡಿಯುವುದು ಎಷ್ಟು ಸರಿಯೋ!

ಆ ಕಾರಿನ ಮುಂದಿನ ಬಾಗಿಲುಗಳ ವಿಚಾರವನ್ನು ಮೊದಲು ಹೇಳಬೇಕು. ಈಗಿನ ಕಾರುಗಳಲ್ಲಿ ಮುಂದಿನ ಬಾಗಿಲಿನ ಕೀಲು ಮುಂಭಾಗದಲ್ಲಿರುತ್ತದೆ. ಮಾವನ ಕಾರಿನಲ್ಲಿ ಕೀಲು ಇದ್ದದ್ದು ನಡುಗಂಬದಲ್ಲಿ. ಹಿಡಿ ಮತ್ತು ಅಗುಳಿ ಮುಂಗಾಜಿನ ಕಡೆಗೆ. ಹಿಂದಿನ ಬಾಗಿಲಿನ ಕೀಲೂ ಅದೇ ಕಂಬಕ್ಕೆ. ಎರಡನ್ನೂ ತೆರೆದರೆ ಬಿಚ್ಚಿಟ್ಟ ಪುಸ್ತಕದ ರಟ್ಟುಗಳಂತೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಸೀರೆ ಉಟ್ಟವರು, ವಯಸ್ಸಾದವರು ಹತ್ತಿ ಇಳಿಯುವುದಕ್ಕೆ ಇಷ್ಟು ಅನುಕೂಲವಾದ ಬಾಗಿಲು ಬೇರೆಯಿಲ್ಲ. ಕುದುರೆಯ ಕೋಚುಗಳ ಕಾಲದಿಂದ ಬಂದ ವಿನ್ಯಾಸವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಜಟಕಾಗಳಿಗಂತೂ ಬಾಗಿಲಿನ ಗೊಡವೆಯೇ ಇರಲಿಲ್ಲ. ಆದರೆ ಇದರಲ್ಲಿ ಒಂದು ಅಪಾಯವಿದೆ. ಕೀಲು ಮುಂದಿದ್ದಾಗ ಅಗುಳಿ ಜಾರಿದರೂ ಎದುರುಗಾಳಿ ಬಾಗಿಲನ್ನು ಒತ್ತಿ ಹಿಡಿಯುತ್ತದೆ. ಕೀಲು ಹಿಂದಿದ್ದರೆ ಅದೇ ಗಾಳಿ ಬಾಗಿಲನ್ನು ಕಿತ್ತೆಸೆಯುವಂತೆ ತೆರೆಯುತ್ತದೆ.

ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 1967ರಲ್ಲಿ, ನನಗೆ ಎಂಟು ವರ್ಷವಿದ್ದಾಗ, ಮಾಗಡಿಯಿಂದ ರಾಮನಗರಕ್ಕೆ ಬರುವ ಇಳಿಜಾರಿನಲ್ಲಿ ಎಡಗಡೆಯ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಮುಂದಿನ ಆಸನದಲ್ಲಿ ಅತ್ತೆ. ಅವರ ಪಕ್ಕದಲ್ಲಿ, ಬಾಗಿಲ ಕಡೆಗೆ, ನಾನು. ಅತ್ತೆ ನನ್ನ ಅಂಗಿಯ ಕೊರಳಪಟ್ಟಿಯನ್ನು ಹಿಡಿದದ್ದು, ಎರಡು ಗುಂಡಿಗಳು ಹಾರಿದ್ದು, ನನ್ನ ಒಂದು ಚಪ್ಪಲಿ ರಸ್ತೆಯ ಪಾಲಾದದ್ದು, ಇಷ್ಟು ನೆನಪಿದೆ. ಮಾವ ಕಾರು ನಿಲ್ಲಿಸಿ, ಒಂದು ಮಾತನ್ನೂ ಆಡದೆ, ಔಷಧದ ಪೆಟ್ಟಿಗೆಯಿಂದ ಬ್ಯಾಂಡೇಜಿನ ಸುರುಳಿ ತೆಗೆದು ಬಾಗಿಲನ್ನು ಕಂಬಕ್ಕೆ ಬಿಗಿದರು. ಮರುದಿನವೇ ಮಾಗಡಿಯ ಆಚಾರಿಯೊಬ್ಬರಿಂದ ಆ ಬಾಗಿಲಿನ ಒಳಮೈಗೆ ಮನೆಬಾಗಿಲಿನ ಒಂದು ಹಿತ್ತಾಳೆ ಚಿಲಕವನ್ನು ಹಾಕಿಸಿದರು. ಅತ್ತೆ ಮಾತ್ರ ಆಮೇಲೆ ಮುಂದಿನ ಆಸನದಲ್ಲಿ ಕೂರಲಿಲ್ಲ.

ಮಾವ ತೀರಿಕೊಂಡ ಮೇಲೆ ಕಾರು ದನದ ಕೊಟ್ಟಿಗೆಯ ಪಕ್ಕದಲ್ಲಿ ಇಟ್ಟಿಗೆಗಳ ಮೇಲೆ ಮೂವತ್ತು ವರ್ಷ ನಿಂತಿತ್ತು. ಈಚೆಗೆ ಅವರ ಮೊಮ್ಮಗ, ಬೆಂಗಳೂರಿನಲ್ಲಿ ಎಂಜಿನಿಯರು, ಅದನ್ನು ಮತ್ತೆ ಓಡಿಸುವ ಸಂಕಲ್ಪ ಮಾಡಿದ. ಎಂಜಿನ್ನು ಎದ್ದಿತು, ಬಣ್ಣ ಬಂದಿತು, ಆಸನಗಳಿಗೆ ಹೊಸ ಹೊದಿಕೆಯಾಯಿತು. ಉಳಿದದ್ದು ಆ ಎಡಬಾಗಿಲೊಂದೇ. ಅದರ ಹೊರಹಿಡಿ ಮುರಿದಿತ್ತು. ಒಳಗಿನ ಅಗುಳಿ ಸವೆದು ಹೋಗಿತ್ತು. ಗಾಜನ್ನು ಏರಿಸುವ ಕೈಯ ಗುಬಟು ಕಾಣೆಯಾಗಿತ್ತು. "ಮಾವ, ಹಳೇದನ್ನ ಹುಡುಕೋದು ನಿಮ್ಮ ಕೆಲಸ ತಾನೆ, ಇದೊಂದನ್ನ ಹುಡುಕಿಕೊಡಿ" ಎಂದ. ಎಂಬತ್ತೆಂಟು ವರ್ಷದ ಅತ್ತೆಗೆ ಆ ಕಾರಿನಲ್ಲಿ ಒಮ್ಮೆ ತಿರುಮಲೆಯ ರಂಗನಾಥಸ್ವಾಮಿಯ ಗುಡಿಗೆ ಹೋಗಿಬರುವ ಆಸೆ. ಈಗ ಮಂಡಿ ಮಡಿಸಲಾರದ ಅವರು ಹತ್ತಬಹುದಾದದ್ದು ಮುಂದಿನ ಆ ಬಾಗಿಲಿನಿಂದ ಮಾತ್ರ. ಹೀಗಾಗಿ ಈ ಹುಡುಕಾಟ ಬರಿಯ ಅಲಂಕಾರದ ಮಾತಾಗಿರಲಿಲ್ಲ.

ಆ ಹಿಡಿ ಏಕೆ ಸಿಕ್ಕುವುದಿಲ್ಲ ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ ನಮ್ಮ ರಾಜ್ಯದ ಚರಿತ್ರೆಯ ಒಂದು ಕೈತಪ್ಪಿದ ಅವಕಾಶದವರೆಗೆ ಹೋಗಬೇಕಾಗುತ್ತದೆ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ ನೆರವಿಗೆ ಸಿದ್ಧವಾಗಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಅದೇ ವಾಲ್‌ಚಂದರ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ಬಂದಿತು, ಯುದ್ಧದ ಅಗತ್ಯವಿತ್ತು ನೋಡಿ. ಕಾರಿನ ಕಾರ್ಖಾನೆ ಬರಲಿಲ್ಲ. ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು, 1950ರ ದಶಕದಲ್ಲಿ ಇಟಲಿಯ ಫಿಯಟ್ ಕಾರುಗಳನ್ನು ಅಲ್ಲಿ ಜೋಡಿಸತೊಡಗಿತು. ಬೆಂಗಳೂರಿನಲ್ಲಿಯೇ ಆಗಿದ್ದರೆ ನನ್ನ ಹಿಡಿ ನಲವತ್ತು ಮೈಲಿಯೊಳಗೆ ಯಾವುದಾದರೂ ಉಗ್ರಾಣದಲ್ಲಿ ಮಲಗಿರುತ್ತಿತ್ತೋ ಏನೋ. ಇದು ಇತಿಹಾಸಕಾರನ ಮಾತಲ್ಲ, ಹಿಡಿ ಸಿಗದವನ ಮಾತು.

ಆರಂಭದಲ್ಲಿ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಬರುತ್ತಿದ್ದವು. 1953ರಲ್ಲಿ ಸುಂಕ ಆಯೋಗದ ವರದಿಯಾದ ಮೇಲೆ, ಹಂತಹಂತವಾಗಿ ಇಲ್ಲಿಯೇ ತಯಾರಿಸಲು ಒಪ್ಪಿದವರಿಗೆ ಮಾತ್ರ ಮುಂದುವರಿಯಲು ಅವಕಾಶವೆಂದಾಯಿತು. ಬರಿಯ ಜೋಡಣೆ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಇದರ ಪರಿಣಾಮವೇನೆಂದರೆ, ಆ ದಶಕದ ಒಂದೊಂದು ಕಾರೂ ಒಂದು ಮಿಶ್ರಪ್ರತಿ: ಈ ಭಾಗ ಇಟಲಿಯದು, ಆ ಭಾಗ ಕುರ್ಲಾದ್ದು. 1964ರ ಡಿಲೈಟ್ ಮಾದರಿಯ ಹೊತ್ತಿಗೆ ಮುಂದಿನ ಬಾಗಿಲಿನ ಕೀಲು ಮುಂದಕ್ಕೆ ಹೋಗಿತ್ತು. ಅದೇ ಕಾರು 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಪಡೆದು ನಾವೆಲ್ಲ ಕಂಡ ಕಾರಾಯಿತು. ಪದ್ಮಿನಿಯ ಭಾಗಗಳು ಹೇರಳ. ಅದಕ್ಕೆ ಹಿಂದಿನದರ ಭಾಗಗಳು ವಿರಳ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಥಳಥಳಿಸುವ ಹಿಡಿಯೊಂದನ್ನು ಕೊಟ್ಟು, "ಪದ್ಮಿನೀದೇ ಹಾಕಿ ಸಾರ್, ಯಾರು ನೋಡ್ತಾರೆ?" ಎಂದರು. ಕೊಂಡು ತಂದೆ. ತಂದ ಮೇಲೆ ಹೊಳೆದದ್ದು: ಕೀಲು ಹಿಂದಕ್ಕೆ, ಹಿಡಿ ಮುಂದಕ್ಕೆ ಇರುವ ಬಾಗಿಲಿಗೆ ಎಡದ ಹಿಡಿಯೆಂಬುದು ಈಚಿನ ಕಾರಿನ ಎಡದ ಹಿಡಿಯ ಕನ್ನಡಿಯ ಬಿಂಬ. ಬಲಗಡೆಯದನ್ನು ತಂದು ಇಟ್ಟು ನೋಡಿದೆವು. ದಿಕ್ಕು ಸರಿಹೋಯಿತು, ತಿರುಪಿನ ತೂತುಗಳು ಹೊಂದಲಿಲ್ಲ. ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವಿದೆ: ಸುಲಭವಾಗಿ ಅರ್ಥವಾಗುವ ಪಾಠವನ್ನು ಸಂಶಯದಿಂದ ನೋಡಬೇಕು, ಲಿಪಿಕಾರ ತನಗೆ ತಿಳಿಯದ್ದನ್ನು ತಿಳಿದದ್ದಾಗಿ ತಿದ್ದಿರುತ್ತಾನೆ. ಜೆ.ಸಿ. ರಸ್ತೆಯ ಹಿಡಿ ಅಂಥ ಸುಲಭ ಪಾಠ. ಅದನ್ನು ಒತ್ತಾಯದಿಂದ ಕೂರಿಸಿದ್ದರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹಿಡಿ ಎಳೆದಷ್ಟೂ ಒಳಗಿನ ನಾಲಗೆ ಪೂರ್ತಿಯಾಗಿ ಹಿಂದೆ ಸರಿಯಬೇಕು, ಬಿಟ್ಟೊಡನೆ ಪೂರ್ತಿಯಾಗಿ ಮುಂದೆ ಬಂದು ಕಂಬದ ಕಚ್ಚಿನಲ್ಲಿ ಕೂರಬೇಕು. ಅರ್ಧ ಕೂತ ನಾಲಗೆಯೇ 1967ರಲ್ಲಿ ನನ್ನ ಚಪ್ಪಲಿಯನ್ನು ಕಸಿದುಕೊಂಡದ್ದು.

ಮುರಿದ ಹಳೆಯ ಹಿಡಿಯನ್ನು ಬೆಸೆಯಬಾರದೇ ಎಂದು ಯಾರಾದರೂ ಕೇಳಬಹುದು. ಆ ಕಾಲದ ಹೆಚ್ಚಿನ ಕಾರುಗಳ ಹಿಡಿಗಳು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಿ ತೆಗೆದವು. ಮೇಲೆ ತಾಮ್ರ, ನಿಕ್ಕಲ್, ಕ್ರೋಮಿಯಂ ಲೇಪ. ಲೇಪದ ಒಂದು ಸೂಜಿಮೊನೆಯಷ್ಟು ಬಿರುಕಿನಿಂದ ತೇವ ಒಳಹೊಕ್ಕರೆ ಸತು ಒಳಗೇ ಉಬ್ಬಿ, ಮೈಮೇಲೆ ಸಿಡುಬಿನ ಗುಳ್ಳೆಗಳಂತೆ ಏಳುತ್ತದೆ. ಬೆಸುಗೆಯ ಉರಿ ತಾಗಿದರೆ ಕರಗಿಯೇ ಹೋಗುತ್ತದೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವಲ್ಲ, ಅವುಗಳ ಅವಶೇಷಗಳಲ್ಲಿ ಏನಾದರೂ ಸಿಗಬಹುದೆಂದು ಅಲ್ಲಿಯ ಒಬ್ಬ ಮಿತ್ರರಿಗೆ ಬರೆದೆ. ಅವೆಲ್ಲ ಈಚಿನವು, ನಿಮ್ಮ ಅಜ್ಜಿಯ ಕಾಲದ್ದು ಇಲ್ಲಿಲ್ಲ ಎಂದು ಉತ್ತರ ಬಂದಿತು.

ಕೊನೆಗೆ ಅದು ದೊರೆತದ್ದು ಕನಕಪುರದ ಕಡೆಯ ಒಂದು ಹಿಪ್ಪುನೇರಳೆ ತೋಟದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸುದ್ದಿ ತಂದ: ತೋಟದ ಬೇಲಿಯ ಬಾಯಿಗೆ ಗೇಟಿನ ಬದಲು ಒಂದು ಕಾರಿನ ಬಾಗಿಲು ಕಟ್ಟಿದೆ ಎಂದು. ಹೋಗಿ ನೋಡಿದರೆ ಫಿಯಟ್; ಎಡಗಡೆಯದು; ಹಿಡಿ ಮುಂಬದಿಗೆ. ನನಗೆ ಓಲೆಗರಿಯ ಕಟ್ಟು ಸಿಕ್ಕಿದಷ್ಟೇ ಹಿಗ್ಗಾಯಿತು. ತೋಟದ ಯಜಮಾನರು ಹಣದ ಮಾತಿಗೆ ಒಪ್ಪಲಿಲ್ಲ. "ದುಡ್ಡು ತಗೊಂಡು ಏನ್ ಮಾಡ್ಲಿ ಸ್ವಾಮಿ? ನಾಳೆ ಮೇಕೆ ನುಗ್ಗಿದರೆ ಸೊಪ್ಪು ಉಳೀತದಾ?" ಎಂದರು. ನ್ಯಾಯವಾದ ಮಾತು, ರೇಷ್ಮೆ ಹುಳು ಜ್ವರದಿಂದ ಎದ್ದ ಮೇಲೆ ಸೊಪ್ಪು ತಪ್ಪಿದರೆ ಬೆಳೆಯೇ ಹೋಯಿತು. ಒಂದು ಒಳ್ಳೆಯ ಮರದ ಗೇಟನ್ನು ಮಾಡಿಸಿ ನಿಲ್ಲಿಸಿಕೊಟ್ಟು ಬಾಗಿಲನ್ನು ತಂದೆವು.

ಒಳಗಿನ ಅಗುಳಿ, ಎಣ್ಣೆಯಲ್ಲಿ ಎರಡು ದಿನ ನೆನೆಸಿದ ಮೇಲೆ, ಹೊಸದರಂತೆ ಆಡಿತು. ಹೊರಹಿಡಿ ಮಾತ್ರ ಗುಳ್ಳೆಯೆದ್ದು ಉಪಯೋಗಕ್ಕೆ ಬಾರದಂತಿತ್ತು. ಆಕಾರ ಸಿಕ್ಕಿತು, ವಸ್ತು ಸಿಗಲಿಲ್ಲ. ಅದೇ ಆಕಾರದಲ್ಲಿ ಹಿತ್ತಾಳೆಯಲ್ಲಿ ಎರಕ ಹೊಯ್ಯಿಸುವುದೆಂದು ನಿಶ್ಚಯವಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಹಿಡಿಯನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ, ಹಿತ್ತಾಳೆ ಆರುವಾಗ ಕುಗ್ಗಿ, ಬರುವ ಹಿಡಿ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ತೂತುಗಳು ಮತ್ತೆ ತಪ್ಪುತ್ತವೆ. ಆದ್ದರಿಂದ ಅಳತೆಗಿಂತ ನೂರಕ್ಕೆ ಒಂದೂವರೆಯಷ್ಟು ದೊಡ್ಡದಾದ ಮರದ ಮಾದರಿಯೊಂದು ಬೇಕು.

ಅದಕ್ಕೆ ಚನ್ನಪಟ್ಟಣವಲ್ಲದೆ ಇನ್ನೆಲ್ಲಿಗೆ ಹೋಗುವುದು? ಆ ಊರಿನ ಕೈಗಾರಿಕೆಯನ್ನು ನಾವು ಬೊಂಬೆಗಳಿಗೆ ಸೀಮಿತಗೊಳಿಸಿದ್ದೇವೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಬುಕಾನನ್ ಅಲ್ಲಿ ಗಮನಿಸಿದ್ದು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು. ದೂರದೂರದ ವೀಣೆಗಳಿಗೆ ಚನ್ನಪಟ್ಟಣದ ತಂತಿ ಹೋಗುತ್ತಿತ್ತು. ಆ ವಿದ್ಯೆ ಅಳಿಯಿತು, ಅರಗಿನ ವಿದ್ಯೆ ಉಳಿಯಿತು. 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆಯಿತು. ಆದರೆ 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೆಂಗಳೂರು ಮೈಸೂರುಗಳ ನಡುವಣ ಕಾರುಗಳು ಊರಿಗೆ ಬಾರದೆ ಹೊರಗಿನಿಂದಲೇ ಹಾದುಹೋಗುತ್ತವೆ. ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳಲ್ಲಿ ಕೂತವರ ಮುಖ ನೋಡಿದರೆ ಮಾನ್ಯತೆಯ ಬೆಲೆ ತಿಳಿಯುತ್ತದೆ.

ಬೊಂಬೆಯ ಕುದುರೆಗೆ ಕಿವಿ ಕಾಲುಗಳನ್ನು ಕೆತ್ತುವ ಒಬ್ಬ ಹಿರಿಯ ಕುಶಲಿ ಆಲೆಮರದ ತುಂಡಿನಲ್ಲಿ ನಮ್ಮ ಮಾದರಿಯನ್ನು ಕೆತ್ತಿಕೊಟ್ಟರು. ಗಾಜಿನ ಕೈಯ ಗುಬಟನ್ನು ಅವರ ಮಗ ಲೇತಿಗೆ ಹಾಕಿ ಕಡೆದ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹರಡುವುದು, ತಾಳೆಗರಿಯಿಂದ ತೀಡಿದೊಡನೆ ಹೊಳಪು ಏಳುವುದು, ಎಷ್ಟು ಸಲ ನೋಡಿದರೂ ಕಣ್ಣು ದಣಿಯುವುದಿಲ್ಲ. ಮೂಲದ ಗುಬಟು ದಂತದ ಬಣ್ಣದ ಪ್ಲಾಸ್ಟಿಕ್. ಇದು ದಂತದ ಬಣ್ಣದ ಅರಗು. ಎರಕದ ಕೆಲಸ ನಾಗಮಂಗಲದಲ್ಲಿ ಆಯಿತು. ಅಲ್ಲಿಯ ಹಿತ್ತಾಳೆ ಕೆಲಸ ಹಿಂದಿನಿಂದಲೂ ಹೆಸರಾದದ್ದು. ಮೊದಲ ಎರಕದಲ್ಲಿ ಗಾಳಿಗುಳ್ಳೆ ನಿಂತು ಕೆಟ್ಟಿತು, ಎರಡನೆಯದು ಬಂದಿತು. ಬೆಂಗಳೂರಿನಲ್ಲಿ ಲೇಪವಾಗಿ ಬಂದ ಹಿಡಿಯನ್ನು ಬಾಗಿಲಿಗೆ ಇಟ್ಟಾಗ ನಾಲ್ಕು ತಿರುಪುಗಳೂ ಮರುಮಾತಿಲ್ಲದೆ ಕೂತವು.

ಆಗ ಎದ್ದಿತು ಚಿಲಕದ ಪ್ರಶ್ನೆ. ಇಟಲಿಯಲ್ಲಿ ಆ ಕಾರಿಗೆ ಮನೆಬಾಗಿಲಿನ ಚಿಲಕ ಇರಲಿಲ್ಲ. ಅದು ಸ್ಪಷ್ಟವಾದ ಪ್ರಕ್ಷೇಪ, ತೆಗೆಯಲೇಬೇಕು ಎಂದು ಹುಡುಗನ ವಾದ. ತರಗತಿಯಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. ತೋಟದಿಂದ ತಂದ ಬಾಗಿಲಿನ ತಗಡು ನಮ್ಮದಕ್ಕಿಂತ ಚೆನ್ನಾಗಿತ್ತು. ಅದನ್ನೇ ಇಡಿಯಾಗಿ ಕೂರಿಸಿದರೆ ತಿರುಪಿನ ಗುರುತುಗಳೂ ಉಳಿಯುತ್ತಿರಲಿಲ್ಲ. ಅತ್ತೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದರು. "ಅದನ್ನ ಕೀಳಬೇಡಪ್ಪ, ನಿಮ್ಮ ತಾತ ಹಾಕ್ಸಿದ್ದು. ಈ ನಿಮ್ಮ ಮಾವನಿಗೋಸ್ಕರ ಹಾಕ್ಸಿದ್ದು" ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ಹಳೆಯ ಬಾಗಿಲೇ ಇರಲಿ ಎಂದೆ. ಒಳಗಿನ ಅಗುಳಿಯನ್ನು ಮಾತ್ರ ತೋಟದ ಬಾಗಿಲಿನಿಂದ ಬದಲಾಯಿಸಿದೆವು.

ಮುಂದಿನ ಶನಿವಾರ ತಿರುಮಲೆಗೆ ಹೊರಟೆವು. ಅತ್ತೆ ಬೆನ್ನು ತಿರುಗಿಸಿ ಆಸನದ ಮೇಲೆ ಕೂತು, ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡರು. ಹುಡುಗ ಹೊರಗಿನಿಂದ ಬಾಗಿಲನ್ನು ಮುಚ್ಚಿದ. ನಾಲಗೆ ಮೊದಲ ಕಚ್ಚು ದಾಟಿ ಎರಡನೆಯದರಲ್ಲಿ ಕೂತ ಸದ್ದು ಹಿಂದಿನ ಆಸನದಲ್ಲಿದ್ದ ನನಗೂ ಕೇಳಿಸಿತು. ಎಂಜಿನ್ನು ಹೊರಟಿತು. ಅತ್ತೆ ಒಮ್ಮೆ ನನ್ನತ್ತ ತಿರುಗಿ ನೋಡಿ, ಕೈ ಚಾಚಿ ಚಿಲಕವನ್ನೂ ಹಾಕಿದರು.