ಕೊನೆಯನ್ನು ಕಾಯುತ್ತ ಕಟ್ಟಿದವರು

ಪುಣೆಯ ಔಂಧ್ ಕಡೆ ಓಡಾಡುವವರು ಸ್ಪೈಸರ್ ಕಾಲೇಜಿನ ಹೆಸರು ಕೇಳಿರುತ್ತೀರಿ. 1942ರಲ್ಲಿ ಇಲ್ಲಿಗೆ ಬರುವ ಮೊದಲು ಅದು ಬೆಂಗಳೂರಿನಲ್ಲಿತ್ತು. ನಮ್ಮ ಹಾಗೆಯೇ ವಲಸೆ ಬಂದದ್ದು. ಅದನ್ನು ನಡೆಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಬೇರು ಮಾತ್ರ ಅಮೆರಿಕದ ಒಂದು ದೊಡ್ಡ ನಿರಾಸೆಯಲ್ಲಿದೆ.

ವಿಲಿಯಂ ಮಿಲ್ಲರ್ ನ್ಯೂಯಾರ್ಕ್ ರಾಜ್ಯದ ರೈತ. ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ ಬರುವ 2300 ದಿನಗಳನ್ನು ವರ್ಷಗಳೆಂದು ಓದಿ, ಕ್ರಿ.ಪೂ. 457ರಿಂದ ಎಣಿಸಿ, ಸುಮಾರು 1843ಕ್ಕೆ ಕ್ರಿಸ್ತನ ಎರಡನೆಯ ಬರೋಣವೆಂದು ಲೆಕ್ಕ ಹಾಕಿದ. ಆ ಅವಧಿ ಸುಮ್ಮನೆ ಕಳೆಯಿತು. ಆಗ ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು.

ಆ ದಿನ ಹತ್ತಿರ ಬಂದಂತೆ ಕೆಲವರು ಸಾಲ ತೀರಿಸಿದರು, ಮುನಿಸಿಕೊಂಡವರ ಬಳಿ ಹೋಗಿ ಕ್ಷಮೆ ಕೇಳಿದರು. ಇನ್ನು ಕೆಲವರು ಅಂಗಡಿ ಮುಚ್ಚಿದರು, ಬೆಳೆಯನ್ನು ಹೊಲದಲ್ಲೇ ಬಿಟ್ಟರು. ನಾಳೆಯೇ ಇಲ್ಲದಿದ್ದರೆ ಕೊಯ್ಲು ಯಾರಿಗೆ?

23ರಂದು ಎಂದಿನಂತೆ ಬೆಳಗಾಯಿತು. ಊರವರು ನಕ್ಕರು. ಬಹಳ ಜನ ಬಿಟ್ಟುಹೋದರು. ಉಳಿದವರಲ್ಲಿ ಒಂದು ಗುಂಪು 1863ರಲ್ಲಿ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಅವರು ದಿನ ಹೇಳುವುದನ್ನು ಬಿಟ್ಟರು; ನಿರೀಕ್ಷೆಯನ್ನು ಬಿಡಲಿಲ್ಲ. ಬರುವವನಿಗಾಗಿ ಮೈ ಮನಸ್ಸು ಶುದ್ಧವಾಗಿರಬೇಕೆಂದು ಹೊಗೆಸೊಪ್ಪು, ಹೆಂಡ ತೊರೆದರು. ಹಲವರು ಮಾಂಸವನ್ನೂ ಬಿಟ್ಟರು. 1866ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ತೆರೆದರು. ಮುಂದೆ ಅಲ್ಲಿಯ ವೈದ್ಯ ಜಾನ್ ಹಾರ್ವೆ ಕೆಲ್ಲಾಗ್ ರೋಗಿಗಳ ಪಥ್ಯಕ್ಕೆಂದು ನಡೆಸಿದ ಪ್ರಯೋಗಗಳಿಂದಲೇ ಇಂದು ನಮ್ಮ ಮಕ್ಕಳು ಹಾಲಿಗೆ ಹಾಕಿಕೊಳ್ಳುವ ಕಾರ್ನ್‌ಫ್ಲೇಕ್ಸ್ ಬಂದದ್ದು. ಲೋಕ ಬೇಗ ಮುಗಿಯುತ್ತದೆಂದು ನಂಬಿದವರು ಆಸ್ಪತ್ರೆ ಕಟ್ಟಿದರು, ಶಾಲೆ ಕಟ್ಟಿದರು. ಎರಡೂ ನಾಳೆಯನ್ನು ನಂಬಿ ಮಾಡುವ ಕೆಲಸಗಳು.

ನಾನು ಆ ಧರ್ಮದವನಲ್ಲ. ನನ್ನ ವೃತ್ತಿಯೇ ಡೆಡ್‌ಲೈನ್ ಕಾಯುವುದು. ತಾರೀಕು ಗೊತ್ತಾದೊಡನೆ ಅದರಾಚೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲವೆಂಬುದು ನನಗೆ ಗೊತ್ತು. 1844ರ ಹೊಲಗಳಲ್ಲಿ ಆದದ್ದೂ ಅದೇ ಇರಬೇಕು. ತಾರೀಕು ಅಳಿಸಿಹೋದ ಮೇಲೆಯೇ ಆ ಜನಕ್ಕೆ ಪಕ್ಕದ ರೋಗಿ ಕಂಡ, ಓದಬೇಕಾದ ಮಗು ಕಂಡಿತು.

ಇದನ್ನೆಲ್ಲ ಓದುವಾಗ ನನ್ನ ಲೆಕ್ಕವೂ ನೆನಪಾಯಿತು. "ಇನ್ನೆರಡು ವರ್ಷ, ಆಮೇಲೆ ಊರಿಗೆ" ಎನ್ನುತ್ತಲೇ ಪುಣೆಯಲ್ಲಿ 18 ವರ್ಷ ಕಳೆದಿದ್ದೇನೆ. ಹೇಗೂ ಹೋಗುವವರಲ್ಲವೇ ಎಂದು ಬಾಲ್ಕನಿಯಲ್ಲಿ ಒಂದು ಗಿಡ ನೆಟ್ಟಿಲ್ಲ, ಮರಾಠಿ ಸರಿಯಾಗಿ ಕಲಿತಿಲ್ಲ, ಎದುರುಮನೆಯ ಅಜ್ಜಿಯ ಹೆಸರನ್ನೂ ಕೇಳಿಲ್ಲ. ಊರಿನ ಆಸೆ ಈಗಲೂ ಇದೆ. ಆದರೆ ಈ ಭಾನುವಾರ ಆ ಅಜ್ಜಿಯ ಮನೆಯ ಬೆಲ್ ಒತ್ತಬೇಕೆಂದಿದ್ದೇನೆ.