ಚೀನಾದ ಚಂದ್ರಹೂಜಿ ಮತ್ತು ದಖ್ಖನಿನ ನಂಟು

ನಾವು ಪಿಂಗಾಣಿ ಎಂದೂ ನಮ್ಮ ನೆರೆಯ ಮರಾಠಿ ಬಾಂಧವರು ಚಿನಿಮಾತಿ ಎಂದೂ ಕರೆಯುವ ಬಿಳಿಯ ಮಣ್ಣಿನ ಪಾತ್ರೆಗಳಲ್ಲಿ ಚಂದ್ರಹೂಜಿಯ ಸ್ಥಾನ ವಿಶಿಷ್ಟವಾದುದು. ಹುಣ್ಣಿಮೆಯ ಚಂದ್ರನಂತೆ ದುಂಡಾದ ಚಪ್ಪಟೆ ಒಡಲು, ಮೇಲೆ ಕಿರಿದಾದ ಕತ್ತು, ಕತ್ತಿನ ಇಕ್ಕೆಲಗಳಲ್ಲಿ ಎರಡು ಹಿಡಿ: ಇದರ ರೂಪ ಇಷ್ಟೇ. ಚೀನೀಯರು ಇದನ್ನು ‘ಚಂದ್ರನನ್ನು ಅಪ್ಪಿಕೊಂಡ ಹೂಜಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಮಿಂಗ್ ವಂಶದ ಯೊಂಗ್ಲ ಚಕ್ರವರ್ತಿಯ (1403–1424) ಹಾಗೂ ಶ್ವೆನ್‌ದ ಚಕ್ರವರ್ತಿಯ (1426–1435) ಕಾಲದಲ್ಲಿ ಜಿಂಗ್‌ದಝೆನ್ ಪಟ್ಟಣದ ಕುಲುಮೆಗಳಲ್ಲಿ ಸಿದ್ಧವಾದ ನೀಲಿ-ಬಿಳಿ ಹೂಜಿಗಳು ಈ ಬಗೆಯಲ್ಲಿ ಶ್ರೇಷ್ಠವೆನಿಸಿವೆ.

ಆದರೆ ಈ ರೂಪ ಮೂಲತಃ ಚೀನಾದ್ದಲ್ಲ. ಪಶ್ಚಿಮ ಏಷ್ಯಾದ ಪಯಣಿಗರು ನೀರು ಒಯ್ಯಲು ಬಳಸುತ್ತಿದ್ದ ತೊಗಲಿನ, ಮಣ್ಣಿನ ಹಾಗೂ ಲೋಹದ ಚಪ್ಪಟೆ ಕುಪ್ಪಿಗಳೇ ಇದರ ಪೂರ್ವಜರು. ವಾಷಿಂಗ್ಟನ್ನಿನ ಫ್ರೀಯರ್ ಕಲಾ ಸಂಗ್ರಹಾಲಯದಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯವಿದೆ. ಅಲ್ಲಿ ಹದಿಮೂರನೆಯ ಶತಮಾನದ, ಸಿರಿಯಾ ಅಥವಾ ಉತ್ತರ ಇರಾಕಿನಲ್ಲಿ ತಯಾರಾದ ದೊಡ್ಡ ಹಿತ್ತಾಳೆಯ ಕುಪ್ಪಿಯೊಂದಿದೆ. ನಮ್ಮ ಬಿದರಿ ಕೆಲಸವನ್ನು ನೆನಪಿಸುವಂತೆ ಅದರಲ್ಲಿ ಬೆಳ್ಳಿಯನ್ನು ಕೂರಿಸಲಾಗಿದೆ. ಅರಬ್ಬೀ ಲಿಪಿಯ ಶುಭಾಶಯಗಳ ನಡುವೆ ಮೇರಿ ಮಾತೆ ಮತ್ತು ಶಿಶು ಯೇಸುವಿನ ಚಿತ್ರ! ಅದೇ ಸಂಗ್ರಹಾಲಯದಲ್ಲಿರುವ ಯೊಂಗ್ಲ ಕಾಲದ ಪಿಂಗಾಣಿ ಕುಪ್ಪಿ ಇಂಥದೇ ಲೋಹದ ಪಾತ್ರೆಯ ಅನುಕರಣೆ. ಚೀನೀ ಕುಂಬಾರನು ಆಕಾರವನ್ನು ಉಳಿಸಿಕೊಂಡು, ಮನುಷ್ಯಾಕೃತಿಗಳನ್ನು ಬಿಟ್ಟು, ಒಂದರೊಳಗೊಂದು ಹೆಣೆದುಕೊಂಡ ನಕ್ಷತ್ರಾಕಾರದ ರೇಖೆಗಳನ್ನು ನಡುವೆ ಬರೆದಿದ್ದಾನೆ. ಒಂಟೆ-ಕುದುರೆಗಳ ಪಕ್ಕೆಗೆ ಬಿಗಿಯಬೇಕಾದ ಪಾತ್ರೆಯನ್ನು ಒಡೆಯುವ ಮಣ್ಣಿನಲ್ಲಿ ಮಾಡಿದರೆ ಪ್ರಯಾಣಕ್ಕೆ ಅದು ಒದಗುವುದೆಂತು? ಬಳಕೆಯ ವಸ್ತುವು ನೋಟದ ವಸ್ತುವಾದದ್ದು ಹೀಗೆ.

ನೀಲಿಯ ಕಥೆಯೂ ಸ್ವಾರಸ್ಯಕರವಾಗಿದೆ. ಆ ಕಾಲದ ಉತ್ತಮ ನೀಲಿಗೆ ಬೇಕಾದ ಕೋಬಾಲ್ಟ್ ಅದಿರು ಪರ್ಷಿಯಾದ ಕಡೆಯಿಂದ ಚೀನಾಕ್ಕೆ ಹೋಗುತ್ತಿತ್ತು. ಅದನ್ನು ಅರೆದು, ಹಸಿ ಪಾತ್ರೆಯ ಮೇಲೆ ಕುಂಚದಿಂದ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಡುತ್ತಿದ್ದರು. ಅದಿರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿದ್ದುದರಿಂದ ನೀಲಿ ದಟ್ಟವಾದೆಡೆ ಕಪ್ಪು ಚುಕ್ಕೆಗಳು ಮೂಡುತ್ತಿದ್ದವು. ಹೀಗೆ ಪರ್ಷಿಯಾದ ಬಣ್ಣ ಚೀನಾದ ಮಣ್ಣಿನೊಡನೆ ಬೆರೆತು ಮತ್ತೆ ಪಶ್ಚಿಮದ ಗಿರಾಕಿಗಳತ್ತ ಹೊರಡುತ್ತಿತ್ತು.

ಆ ದಾರಿಯ ನಡುವೆ ನಮ್ಮ ಕರಾವಳಿಯಿತ್ತು. ಚೀನಾದ ಪಿಂಗಾಣಿ ಭಾರತಕ್ಕೂ ಇತರ ದೇಶಗಳಿಗೂ ಹೋಗಿ ತನ್ನ ಮಗ್ರಿಬ್ ನಾಡನ್ನೂ ಮುಟ್ಟುತ್ತದೆಂದು ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಹೇಳಿದ್ದಾನೆ. ಯೊಂಗ್ಲ ಚಕ್ರವರ್ತಿಯ ನೌಕಾಧಿಪತಿ, ಸ್ವತಃ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಝೆಂಗ್ ಹ, ತನ್ನ ಮೊದಲ ಯಾನದಲ್ಲೇ (1405–1407) ಕಲ್ಲಿಕೋಟೆಗೆ ಬಂದಿದ್ದನು. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಆದಿಲ್‌ಶಾಹಿಗಳಿಗಂತೂ ಕೊಂಕಣದ ದಾಭೋಳ ಬಂದರೇ ಕಡಲಿನ ಬಾಗಿಲು. 1636ರ ನಂತರ ನಮ್ಮ ಪುಣೆಯೂ ಶಹಾಜಿರಾಜರ ಜಹಗೀರಾಗಿ ಅದೇ ರಾಜ್ಯಕ್ಕೆ ಸೇರಿತ್ತು. ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೋಗುವ ಓದುಗರು ವಿಜಯಪುರದ ಗೋಲ ಗುಮ್ಮಟದ ಆವರಣದಲ್ಲಿರುವ, ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಮೀಸಲಿಡಬೇಕು. ಗುಮ್ಮಟದ ಪ್ರತಿಧ್ವನಿ ಕೇಳಲು ಓಡುವ ನಮ್ಮವರು ಅಲ್ಲಿನ ಚೀನೀ ಪಿಂಗಾಣಿಯನ್ನು ನೋಡದೆ ಮರಳುವುದು ವಿಷಾದಕರ. ಹಸುರು ಬಣ್ಣದ ಚೀನೀ ತಟ್ಟೆಗಳಿಗೆ ಭಾರತದಲ್ಲಿ ‘ಘೋರಿ’ ಎಂದು ಹೆಸರು. ವಿಷ ಬೆರೆತ ಅನ್ನ ಬಡಿಸಿದರೆ ಅವು ಬಿರಿಯುತ್ತವೆ ಎಂಬ ನಂಬಿಕೆ ಅರಮನೆಗಳಲ್ಲಿತ್ತು. ಆ ನಂಬಿಕೆಗೆ ಆಧಾರವಿಲ್ಲವಾದರೂ ತಟ್ಟೆಗಳು ಜೋಪಾನವಾಗಿ ಉಳಿಯಲು ಅದೂ ನೆರವಾಗಿರಬಹುದು.

ಚಂದ್ರಹೂಜಿಯ ಅನುಕರಣೆಗಳು ಚೀನಾದಲ್ಲೇ ಹೇರಳವಾಗಿ ನಡೆದವು. ಹದಿನೆಂಟನೆಯ ಶತಮಾನದಲ್ಲಿ ಯೊಂಗ್‌ಝೆಂಗ್ ಮತ್ತು ಚ್ಯೆನ್‌ಲೊಂಗ್ ಚಕ್ರವರ್ತಿಗಳ ಕುಲುಮೆಗಳವರು ಹಳೆಯ ಕಪ್ಪು ಚುಕ್ಕೆಗಳನ್ನೂ ಕುಂಚದಿಂದ ಒತ್ತಿ ಒತ್ತಿ ಬರೆದರು. ಹಳೆಯದರಲ್ಲಿ ಚುಕ್ಕೆ ಲೇಪದೊಳಗೆ ತಾನಾಗಿ ಇಳಿದಿರುತ್ತದೆ, ಅನುಕರಣೆಯಲ್ಲಿ ಅದು ಸಾಲಾಗಿ ಇಟ್ಟಂತೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ನಕಲುಗಳಂತೂ ಪೇಟೆಯಲ್ಲಿ ಸಾಮಾನ್ಯ. ಆದುದರಿಂದ ಬುಡದಲ್ಲಿರುವ ಚಕ್ರವರ್ತಿಯ ಮುದ್ರೆಯೊಂದನ್ನೇ ನಂಬಿ ಹಣ ತೆರುವುದು ಸಲ್ಲದು.

ಅಜ್ಜಂದಿರ ಕಾಲದ ಇಂಥ ಹೂಜಿಯೋ ತಟ್ಟೆಯೋ ಮನೆಯಲ್ಲಿದ್ದರೆ ಇನ್ನೊಂದು ಸಂಗತಿಯನ್ನು ಅರಿತಿರಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ಇಂಥ ಕಲಾವಸ್ತುವು, ಅದು ಚೀನಾದಲ್ಲಿ ತಯಾರಾಗಿದ್ದರೂ, ಪುರಾವಸ್ತುವೇ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿ ನೆಲೆಸಿದ ಮಗನಿಗೋ ಮಗಳಿಗೋ ಪ್ರೀತಿಯ ಕಾಣಿಕೆಯಾಗಿ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸಿದರೂ ಅದು ಅಪರಾಧವೇ. ವಸ್ತು ಅಷ್ಟು ಹಳೆಯದಲ್ಲ ಎನಿಸಿದರೆ, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದುಕೊಳ್ಳಬಹುದು.