ಗ್ರೀಷ್ಮದ ಚಿಗುರು: ಜೈನ ಗ್ರಂಥಗಳಲ್ಲಿ ವೃಕ್ಷದ ಜಲಾಹಾರ ವಿಚಾರ

ವನಸ್ಪತಿಕಾಯದ ಜೀವಗಳನ್ನು ಕುರಿತು ಜೈನ ವಾಙ್ಮಯದಲ್ಲಿ ದೊರೆಯುವ ವಿವೇಚನೆ ಅತಿ ವಿಸ್ತಾರವಾದುದು. ವೃಕ್ಷವು ನೆಲದ ನೀರನ್ನು ಹೇಗೆ ಸ್ವೀಕರಿಸಿ ತುದಿಗೇರಿಸುವುದೆಂಬ ಬಗ್ಗೆ ಅದರಲ್ಲಿರುವ ಮಾತುಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡು, ಆಧುನಿಕ ಸಸ್ಯಶಾಸ್ತ್ರವೆಲ್ಲ ಅಲ್ಲಿಯೇ ಅಡಗಿದೆಯೆನ್ನುವುದು ಸುಲಭ. ಆದರೆ ಹಾಗೆನ್ನುವುದರಿಂದ ಆಚಾರ್ಯರು ನಿಜವಾಗಿ ಕಂಡದ್ದೇ ಮರೆಯಾಗುತ್ತದೆ.

ಈ ವಿಷಯದಲ್ಲಿ ಮುಖ್ಯವಾದ ಆಧಾರ ವಿಯಾಹಪಣ್ಣತ್ತಿ, ಅಂದರೆ ಭಗವತೀಸೂತ್ರದ ಏಳನೆಯ ಶತಕದ ಮೂರನೆಯ ಉದ್ದೇಶಕ. ಉಪಲಬ್ಧ ಅಂಗಗಳನ್ನು ದಿಗಂಬರಾಮ್ನಾಯವು ಪ್ರಮಾಣವೆಂದು ಒಪ್ಪದಿದ್ದರೂ ಪ್ರಾಚೀನ ವಿಚಾರದ ಸಾಕ್ಷಿಯಾಗಿ ಅವುಗಳ ಬೆಲೆ ನಿರ್ವಿವಾದ. ಅಲ್ಲಿ ಗೌತಮ ಗಣಧರರ ಪ್ರಶ್ನೆಗೆ ದೊರೆಯುವ ಉತ್ತರದಂತೆ, ಬೇರು ಮೂಲಜೀವಗಳಿಂದ ವ್ಯಾಪ್ತವಾಗಿ ಪೃಥ್ವೀಜೀವಗಳೊಡನೆ ಪ್ರತಿಬದ್ಧವಾಗಿದೆ. ಆದುದರಿಂದ ಆಹಾರವನ್ನು ಸ್ವೀಕರಿಸಿ ಪರಿಣಮಿಸಿಕೊಳ್ಳುತ್ತದೆ. ಕಂದವು ಮೂಲಜೀವಗಳೊಡನೆ ಪ್ರತಿಬದ್ಧ. ಹೀಗೆಯೇ ಕ್ರಮವಾಗಿ ಮೇಲೇರಿ, ಬೀಜವು ಫಲಜೀವಗಳೊಡನೆ ಪ್ರತಿಬದ್ಧವಾಗುವವರೆಗೆ ಈ ಸರಪಳಿ ಸಾಗುತ್ತದೆ.

ಅಂಗದಿಂದ ಅಂಗಕ್ಕೆ ಆಹಾರ ಸಾಗುವ ಈ ಕ್ರಮ ಸೂಕ್ಷ್ಮ ಅವಲೋಕನದ ಫಲ. ಆದರೆ ಇಲ್ಲಿ ಸಂಬಂಧವನ್ನು ಹೇಳಿದೆಯೇ ಹೊರತು ಏರಿಸುವ ಬಲವನ್ನು ಹೇಳಿಲ್ಲ. ಬಲದ ಪ್ರಶ್ನೆಯನ್ನು ಮಹಾಭಾರತದ ಶಾಂತಿಪರ್ವವು ಎತ್ತಿಕೊಂಡಿದೆ: ತಾವರೆಯ ನಾಳದಿಂದ ನೀರನ್ನು ಹೀರುವಂತೆ, ವಾಯುವಿನ ಸಹಾಯದಿಂದ ಮರವು ಪಾದಗಳ ಮೂಲಕ ಕುಡಿಯುತ್ತದೆಂದು ಅಲ್ಲಿಯ ಭೃಗು-ಭರದ್ವಾಜ ಸಂವಾದದ ಅಭಿಪ್ರಾಯ. ಯೂರೋಪಿನಲ್ಲಿ ಸ್ಟೀಫನ್ ಹೇಲ್ಸ್ 1727ರಲ್ಲಿ ದ್ರಾಕ್ಷಿಬಳ್ಳಿಯ ಬೇರಿನ ಒತ್ತಡವನ್ನೂ ಎಲೆಗಳ ಬಾಷ್ಪವಿಸರ್ಜನೆಯನ್ನೂ ಅಳೆದು ಪ್ರಕಟಿಸಿದನು. ಸ್ಟ್ರಾಸ್‌ಬರ್ಗರನು 1890ರ ದಶಕದ ಆರಂಭದಲ್ಲಿ ಕಾಂಡದ ಜೀವಕೋಶಗಳನ್ನು ವಿಷದಿಂದ ಕೊಂದರೂ ನೀರು ಏರುವುದೆಂದು ತೋರಿಸಿದನು. 1894ರಲ್ಲಿ ಡಿಕ್ಸನ್ ಮತ್ತು ಜೋಲಿ, ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತ ಹಾಗೂ ಜಲಕಣಗಳ ಪರಸ್ಪರ ಬಂಧ ಇವುಗಳಿಂದಲೇ ನೀರು ಏರುವುದೆಂದು ಪ್ರತಿಪಾದಿಸಿದರು. ಸಜೀವ ಕೋಶಗಳ ಸ್ಪಂದನವೇ ಕಾರಣವೆಂದು ಜಗದೀಶಚಂದ್ರ ಬೋಸರು 1923ರಲ್ಲಿ ಸಾಧಿಸಹೊರಟದ್ದನ್ನು ಸಸ್ಯಶಾಸ್ತ್ರಜ್ಞರು ಅಂಗೀಕರಿಸಲಿಲ್ಲ. ಇಂದಿನ ತಿಳಿವಿನಂತೆ ಬೇರಿನ ಒಳಪದರದಲ್ಲಿ ಮೇಣದಂತಹ ಪಟ್ಟಿಯೊಂದು ಅಡ್ಡವಾಗಿರುವುದರಿಂದ ನೀರು ಅಲ್ಲಿ ಜೀವಕೋಶದ ಒಳಹೊಕ್ಕೇ ಸಾಗಬೇಕು. ಆಮೇಲೆ ಏರುವ ನಾಳಗಳಾದರೋ ಸತ್ತ ಕೋಶಗಳ ಪೊಳ್ಳು ಕೊಳವೆಗಳು. ಜೀವಪ್ರತಿಬದ್ಧತೆಯ ಸರಪಳಿಗೂ ಇದಕ್ಕೂ ಕ್ರಮದಲ್ಲಿ ಸಾಮ್ಯವಿದೆ, ಕಾರಣದಲ್ಲಿ ಇಲ್ಲ.

ಅದೇ ಉದ್ದೇಶಕದ ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಸ್ವಾರಸ್ಯಕರ. ವನಸ್ಪತಿಗಳು ಪ್ರಾವೃಟ್ ಮತ್ತು ವರ್ಷಾಕಾಲಗಳಲ್ಲಿ ಅತ್ಯಧಿಕ ಆಹಾರವನ್ನು ಕೊಳ್ಳುತ್ತವೆ; ಶರತ್, ಹೇಮಂತ, ವಸಂತಗಳಲ್ಲಿ ಅದು ಕುಗ್ಗುತ್ತ ಗ್ರೀಷ್ಮದಲ್ಲಿ ಅತ್ಯಲ್ಪವಾಗುತ್ತದೆ. ಹಾಗಾದರೆ ಗ್ರೀಷ್ಮದಲ್ಲಿಯೇ ಎಷ್ಟೋ ಮರಗಳು ಎಲೆ ಹೂ ಹಣ್ಣುಗಳಿಂದ ಶೋಭಿಸುವುದೇಕೆ? ಉಷ್ಣಯೋನಿಕ ಜೀವಗಳೂ ಪುದ್ಗಲಗಳೂ ಆಗ ಹೇರಳವಾಗಿ ಉತ್ಪನ್ನವಾಗುವುದರಿಂದ ಎಂಬುದು ಉತ್ತರ. ಶೀತ, ಉಷ್ಣ ಯೋನಿಗಳ ವಿಭಾಗವು ತತ್ತ್ವಾರ್ಥಸೂತ್ರದಲ್ಲಿಯೂ ಇರುವುದರಿಂದ ಉತ್ತರವು ಸಿದ್ಧಾಂತಕ್ಕೆ ಹೊಂದುತ್ತದೆ. ಆದರೆ ಇತಿಹಾಸಕಾರನಿಗೆ ಉತ್ತರಕ್ಕಿಂತ ಪ್ರಶ್ನೆಯೇ ಅಮೂಲ್ಯ. ತಮ್ಮ ನಿಯಮಕ್ಕೆ ವಿರುದ್ಧವಾಗಿ ಕಾಣುವ ಸಂಗತಿಯನ್ನು ಆ ಪರಂಪರೆ ಮುಚ್ಚಿಡಲಿಲ್ಲ. ಬಿಸಿಲೇರುವ ದಿನಗಳಲ್ಲಿ ಎಲೆಯುದುರಿದ ಮುತ್ತುಗ ಕೆಂಪಾಗುವುದನ್ನೂ ಮಳೆಗೆ ಮೊದಲೇ ಹೊಂಗೆ ಚಿಗುರುವುದನ್ನೂ ನೋಡಿದವರಿಗೆ ಈ ಸಂಶಯ ಸಹಜ. ಎಲೆಯುದುರಿದೊಡನೆ ನೀರಿನ ವ್ಯಯ ತಗ್ಗಿ, ಆಳದ ಬೇರು ತಂದದ್ದೂ ಕಾಂಡದಲ್ಲಿ ಸಂಚಿತವಾದದ್ದೂ ಮೊಗ್ಗಿಗೆ ಒದಗುತ್ತದೆಂದು ಸಸ್ಯಶಾಸ್ತ್ರವು ಈಗ ವಿವರಿಸುತ್ತದೆ.

ದಿಗಂಬರ ಪರಂಪರೆಯಲ್ಲಿ ವಿಚಾರದ ದಾರಿ ಬೇರೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ, ಸಿರೆ, ಸಂಧಿ, ಪರ್ವಗಳು ಗೂಢವಾಗಿರುವುದು, ಮುರಿದರೆ ಸಮನಾಗಿ ಮುರಿಯುವುದು, ಕಡಿದರೂ ಮತ್ತೆ ಬೆಳೆಯುವುದು ಮುಂತಾದವುಗಳನ್ನು ಸಾಧಾರಣ ಜೀವಗಳಿಗೆ ಆಶ್ರಯವಾದ ವನಸ್ಪತಿಯ ಲಕ್ಷಣಗಳೆಂದಿದ್ದಾರೆ. ಎಳೆಯ ಬೆಂಡೆಕಾಯಿ ಥಟ್ಟನೆ ಮುರಿಯುವುದನ್ನೂ ಬಲಿತದ್ದು ನಾರಾಗುವುದನ್ನೂ ಅಡುಗೆಮನೆಯಲ್ಲಿ ಯಾರಾದರೂ ಕಾಣಬಹುದು. ನೀರ್ನಾಳಗಳೂ ಅವುಗಳ ಸುತ್ತಲಿನ ನಾರೂ ಬಲಿತು ಗಟ್ಟಿಯಾಗುವುದೇ ಇದರ ಕಾರಣ. ಆದರೂ ಗಾಹೆಯ ‘ಸಿರೆ’ಯನ್ನು ಜಲನಾಳವೆಂದು ಅನುವಾದಿಸುವುದು ದುಡುಕು. ಅದು ಕಣ್ಣಿಗೆ ಕಾಣುವ ಗೆರೆ. ಯಾವುದು ಭಕ್ಷ್ಯ, ಯಾವುದು ವರ್ಜ್ಯ ಎಂಬ ವಿವೇಕಕ್ಕೆ ಒದಗುವ ಚಿಹ್ನೆ. ಅದರೊಳಗೆ ಏನು ಹರಿಯುವುದೆಂದು ಗಾಹೆ ಹೇಳುವುದಿಲ್ಲ.

ಇಂತಹ ಪದಗಳ ಅರ್ಥನಿರ್ಣಯಕ್ಕೆ ಕನ್ನಡಿಗರ ಕೈಯಲ್ಲಿಯೇ ಒಂದು ಸಾಧನವಿದೆ. ಕೇಶವವರ್ಣಿಯು ಶಕ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ, ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ರಚಿಸಿದನು. ಅದನ್ನು ಅನುಸರಿಸಿ ಇನ್ನೊಬ್ಬ ನೇಮಿಚಂದ್ರನು ಬರೆದ ಸಂಸ್ಕೃತ ಟೀಕೆಯನ್ನೇ ಬಹುಕಾಲ ಕೇಶವವರ್ಣಿಯದೆಂದು ತಿಳಿಯಲಾಗಿತ್ತು. ಆ ಭ್ರಮೆಯನ್ನು ಆ. ನೇ. ಉಪಾಧ್ಯೆಯವರು ನಿವಾರಿಸಿದರು. ವನಸ್ಪತಿ ಪ್ರಕರಣದಲ್ಲಿ ಸಂಸ್ಕೃತ ಟೀಕೆಗಿಂತ ಮೊದಲು ಕನ್ನಡ ವೃತ್ತಿಯ ಓಲೆಗಳನ್ನು ಬಿಚ್ಚಿ ನೋಡುವುದು ಯುಕ್ತ.